ಎರಡು ಬೇಲಿಯ ತವರು

1943 ಜೂನ್ 13, ಭಾನುವಾರ

ಷಣ್ಮುಖಪ್ಪ! ಷಣ್ಮುಖಪ್ಪ! ಷಣ್ಮುಖಪ್ಪ!

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ಅತ್ತೆ ಮೊನ್ನೆ ತಾನೇ ಎಚ್ಚರಿಸಿದ್ದಾರೆ. ಬರೆಯಬಾರದೆಂದು ಯಾರೂ ಹೇಳಿಲ್ಲ. ಅದಕ್ಕೇ ಈ ಹೊಸ ಪುಸ್ತಕದ ಮೊದಲ ಸಾಲಿನಲ್ಲೇ ಬರೆದು, ಓದಿಕೊಂಡು, ಒಬ್ಬಳೇ ನಕ್ಕು, ದಿಂಬಿನ ಕೆಳಗೆ ಬಚ್ಚಿಟ್ಟು, ತಡೆಯಲಾರದೆ ಮತ್ತೆ ತೆಗೆದು ಬರೆಯುತ್ತಿದ್ದೇನೆ. ಇಂಗ್ಲಿಷ್ ಶಾಲೆಯ ನಮ್ಮ ಮಿಸ್ ನೋಡಿದ್ದರೆ "ಶಿವಗಂಗಾ, ಡೋಂಟ್ ಬಿ ಸಿಲ್ಲಿ" ಎನ್ನುತ್ತಿದ್ದರು. ಮದುವೆಯಾಗಿ ಒಂದು ತಿಂಗಳೂ ತುಂಬಿಲ್ಲ ಮಿಸ್, ಈಗಲ್ಲದೆ ಇನ್ಯಾವಾಗ?

ಬೆಂಗಳೂರು ಬಿಡುವಾಗ ನಾನು ಅಳಲೇ ಇಲ್ಲ. ಅಮ್ಮ ಅತ್ತರು, ತಂಗಿ ಅತ್ತಳು, ಅಪ್ಪ ಕನ್ನಡಕ ಒರೆಸಿಕೊಂಡರು. ನಾನು ಮಾತ್ರ ರೈಲಿನ ಕಿಟಕಿಯಲ್ಲಿ ಹಲ್ಲು ಬಿಡುತ್ತಾ ಕೂತಿದ್ದೆ. ಸೀಮೆಗೆಲ್ಲ ನಾಚಿಕೆಗೆಟ್ಟ ಮದುಮಗಳು ನಾನೊಬ್ಬಳೇ ಇರಬೇಕು.

ಇಲ್ಲಿ ಎಲ್ಲವೂ ಚೆಂದ! ಮಾಳಿಗೆ ಹತ್ತಿದರೆ ಸೂಳೆಕೆರೆಯ ನೀರು ಕಣ್ಣಿಗೆ ಹೊಳೆಯುತ್ತದೆ. ಹಿತ್ತಿಲ ಬಾಗಿಲು ತೆಗೆದರೆ ಗುಡ್ಡ. ಆ ಗುಡ್ಡದ ಬುಡದಲ್ಲೇ ನನ್ನ ಬಳುವಳಿ ನಿಂತಿದೆ. ಅಪ್ಪ ಹಣ್ಣಿನ ಗಿಡಗಳ ನರ್ಸರಿಯಲ್ಲಿ ಮೇಸ್ತ್ರಿ. ಮಗಳಿಗೆ ಬಂಗಾರದ ಡಾಬಿನ ಬದಲು ಕಸಿ ಗಿಡಗಳನ್ನು ಕೊಟ್ಟರು. ರಸಪುರಿ, ಬಾದಾಮಿ, ಮಲಗೋವಾ, ಸೀಬೆ, ಸಪೋಟ. ಮದುವೆಯ ಗಾಡಿಯ ಹಿಂದೆ ಕುಂಡಗಳು ತುಂಬಿದ ಇನ್ನೊಂದು ಗಾಡಿ ಊರೊಳಗೆ ಬಂದಾಗ ಬಾವಿಕಟ್ಟೆಯ ಹೆಂಗಸರು ಕೊಡ ಇಳಿಸಿ ನೋಡಿದರಂತೆ. "ಉಡಚಮ್ಮನ ಸೊಸೆ ಬಂಗಾರ ತರ್ತಾಳೆ ಅಂದ್ರೆ ಕಡ್ಡಿ ತಂದವ್ಳೆ" ಎಂದರಂತೆ. ಉಡಚಮ್ಮ ಎಂದರೆ ನಮ್ಮತ್ತೆ. ಅವರು ಹುಬ್ಬು ಒಂದಿಷ್ಟು ಮೇಲೆತ್ತಿದರು, ಅಷ್ಟೇ. ಆ ಹುಬ್ಬಿಗೆ ನನಗೆ ಭಯ.

ಅವರಿಗೆ (ಷ. ಅವರಿಗೆ!) ಮಾತ್ರ ಡಾಬಿಗಿಂತ ಗಿಡಗಳೇ ಇಷ್ಟ. ಮಾವನವರನ್ನು ಕಾಡಿಬೇಡಿ ಗುಡ್ಡದ ಹೊಲ ಕೇಳಿ ತೆಗೆದುಕೊಂಡು, ಮೊದಲ ಮಳೆಗೇ ನೆಟ್ಟಿದ್ದಾರೆ. ಅವರ ಉಗುರಿನ ಸಂದಿನಲ್ಲಿ ಯಾವಾಗಲೂ ಕೆಮ್ಮಣ್ಣು. ಎಷ್ಟು ಚೆಂದದ ಉಗುರುಗಳು!

ಜೂನ್ 17, ಗುರುವಾರ

ಜಿಂಕೆ! ಜಿಂಕೆ ನೋಡಿದೆ!

ಬೆಳಗಿನ ಮಬ್ಬಿನಲ್ಲಿ ಹಿತ್ತಿಲಿಗೆ ಹೋದವಳು ಹಾಗೇ ಗುಡ್ಡದ ಹೊಲದ ಕಡೆ ಕಣ್ಣು ಹಾಯಿಸಿದೆ. ಮೈತುಂಬ ಬಿಳಿ ಚುಕ್ಕೆ, ನೀರು ತುಂಬಿದ ಹಾಗಿನ ಕಣ್ಣು, ಕಿವಿ ಎಲೆಯಂತೆ ಅಲುಗುತ್ತಿತ್ತು. ಓಡಿ ಬಂದು ಅವರನ್ನು ಎಬ್ಬಿಸಿದೆ. ಇಬ್ಬರೂ ಕೈ ಕೈ ಹಿಡಿದು, ಉಸಿರು ಬಿಗಿಹಿಡಿದು, ಬಣವೆಯ ಮರೆಯಲ್ಲಿ ನಿಂತು ನೋಡಿದೆವು. ಒಂದಲ್ಲ, ಹಿಂಡು. ತಾಯಿಯ ಹೊಟ್ಟೆಯಡಿ ನುಸುಳುವ ಮರಿ ಕೂಡ ಇತ್ತು. "ಎಷ್ಟು ನಾಜೂಕಾಗಿ ತಿನ್ನುತ್ತವೆ ನೋಡಿ" ಎಂದೆ. "ಹೂಂ, ನಿನ್ನಂಗೇ" ಎಂದರು. ನಾಚಿಕೊಂಡೆ.

ಆಮೇಲೆ ಅವರು ನನ್ನ ಕೈ ಬಿಟ್ಟು ಮುಂದಕ್ಕೆ ಬಗ್ಗಿದರು.

"ಗಂಗಾ, ಅವು ತಿಂತಿರೋದು ಏನು?"

ಸಪೋಟ! ಅವು ತಿನ್ನುತ್ತಿದ್ದದ್ದು ನಮ್ಮಪ್ಪನ ಸಪೋಟ! ಅವರು ಟವೆಲ್ ಬೀಸುತ್ತಾ ಕೂಗಿಕೊಂಡು ಓಡಿದರು. ಜಿಂಕೆಗಳು ತಲೆಯೆತ್ತಿ ನೋಡಿ, ಅವಸರವೇ ಇಲ್ಲದವರಂತೆ ಒಂದೆರಡು ಹೆಜ್ಜೆ ನಡೆದು, ಆಮೇಲೆ ಗುಡ್ಡಕ್ಕೆ ಚಿಮ್ಮಿದವು. ಅವು ಚಿಮ್ಮುವುದನ್ನು ನೋಡಿ ನನ್ನ ಬಾಯಿಂದ "ಆಹಾ!" ಎಂದು ಬಂದೇ ಬಿಟ್ಟಿತು. ಅವರು ತಿರುಗಿ ನನ್ನ ಮುಖ ನೋಡಿದರು. ಮದುವೆಯಾದಮೇಲೆ ಹಾಗೆ ನೋಡಿದ್ದು ಇದೇ ಮೊದಲು.

ಜೂನ್ 22, ಮಂಗಳವಾರ

ಸೀಬೆಯ ಸಾಲೆಲ್ಲ ಬೋಳು. ಮಾವಿನ ತುದಿಗಳೂ ಹೋಗಿವೆ. ಅವರು ಹೊಲದ ಸುತ್ತ ಗೂಟ ಹೂತು, ಇವತ್ತು ಮುಳ್ಳುತಂತಿ ತರುತ್ತೇನೆಂದು ಚನ್ನಗಿರಿಗೆ ಹೋಗಿ ಬರಿಗೈಯಲ್ಲಿ ಬಂದರು. ಅಂಗಡಿಯವನು ನಕ್ಕನಂತೆ: "ತಂತಿ ಎಲ್ಲಾ ಯುದ್ಧಕ್ಕೆ ಹೋಗೈತೆ ಸ್ವಾಮಿ. ಜರ್ಮನಿಯವ್ರಿಗೆ ಹೇಳಿ ಕಳಸ್ರಿ, ಮುಗಿಸಿಬಿಟ್ಟು ನಿಮ್ಮ ಜಿಂಕೆಗೆ ಕೊಡ್ತಾರೆ."

ಊಟಕ್ಕೆ ಕೂತಾಗ ಮಾವನವರು ರೊಟ್ಟಿ ಮುರಿಯುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದರು:

"ಶ್ರಾವಣದ ತಂಕ ನೋಡ್ತೀನಿ. ಅಷ್ಟೊತ್ತಿಗೆ ಗಿಡ ಚಿಗುರಿ ನಿಂತ್ರೆ ನಿಂತ್ವು. ಇಲ್ಲಾಂದ್ರೆ ಕಿತ್ತಾಕಿ ಹುರುಳಿ ಚೆಲ್ತೀನಿ. ಹೊಲ ಖಾಲಿ ಬಿಡಾಕಾಗಲ್ಲ."

ಮಾವ ಕಲ್ಲೇಶಪ್ಪ ಎಂದರೆ ಊರಲ್ಲಿ ಮಾತಿಗೆ ತಪ್ಪದ ಮನುಷ್ಯ ಅಂತೆ. ಇದನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಇವತ್ತು ಹೆಮ್ಮೆಯಾಗಲಿಲ್ಲ.

ಇನ್ನೊಂದು ಮಾತು. ಬಾವಿಕಟ್ಟೆಯಲ್ಲಿ ಯಾರೋ ಅಂದರು, "ಇವಳು ಬಂದ್ಲು, ಹಿಂದೇನೇ ಜಿಂಕೆ ಬಂದ್ವು. ಎಂಥಾ ಕಾಲ್ಗುಣವೋ." ನಾನು ನನ್ನ ಕಾಲುಗಳನ್ನು ನೋಡಿಕೊಂಡೆ. ಕಾಲುಂಗುರ ಹಾಕಿದ ಪುಟ್ಟ ಪಾದಗಳು, ಪಾಪ. ಗಿಡಗಳು ಸತ್ತರೆ ಈ ಮಾತು ನನ್ನನ್ನು ಸಾಯುವವರೆಗೂ ಬಿಡುವುದಿಲ್ಲ. ಅತ್ತೆಯ ಹುಬ್ಬು ಆಗ ಇಳಿಯುವುದೇ ಇಲ್ಲ.

ಜುಲೈ 2, ಶುಕ್ರವಾರ

ನಾಳೆ ಆಷಾಢ. ಹೊಸ ಸೊಸೆ ಅತ್ತೆಯ ಜೊತೆ ಒಂದೇ ಹೊಸ್ತಿಲು ತುಳಿಯಬಾರದು, ಗಂಡನ ಹತ್ತಿರ ಸುಳಿಯಬಾರದು, ತವರಿಗೆ ಹೋಗಬೇಕು. ಇಡೀ ತಿಂಗಳು! ಒಂದು ವಾರದಿಂದ ಮೂಲೆ ಸಿಕ್ಕಲ್ಲೆಲ್ಲ ಅಳುತ್ತಿದ್ದೇನೆ. ಅವರೂ ಅತ್ತಿರಬೇಕು, ಹೊಗೆ ಎಂದರು, ಒಲೆ ಹಚ್ಚಿರಲಿಲ್ಲ.

ಅಷ್ಟರಲ್ಲಿ ಬೆಂಗಳೂರಿನಿಂದ ಬಂದ ನೆಂಟರೊಬ್ಬರ ಕೈಲಿ ಅಪ್ಪ ಹೇಳಿ ಕಳಿಸಿದರು: ತಂಗಿಗೆ ದಡಾರ, ಮನೆಯಲ್ಲಿ ಎಲ್ಲರಿಗೂ ಹರಡುತ್ತಿದೆ, ಈಗ ಬರಬೇಡ. ನಾನು ಹಿಗ್ಗಿ ಕುಣಿಯುವುದೊಂದು ಬಾಕಿ. ತಂಗೀ, ಕ್ಷಮಿಸು.

ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತರು. "ಹಂಗಂತ ಮನೇಲಿಟ್ಕಳ್ಳಾಕೆ ಆಗ್ತೈತಾ? ಶಾಸ್ತ್ರ ಬಿಟ್ರೆ ಊರೋರು ಸುಮ್ನೆ ಬಿಡ್ತಾರಾ?"

ಆಗ ಅಜ್ಜಿ ಬಾಯಿ ತೆರೆದರು. ಅಂಜಿನಮ್ಮಜ್ಜಿ ಮಾವನವರ ತಾಯಿ. ದಿನವಿಡೀ ಎಲೆಅಡಿಕೆ ಕುಟ್ಟುತ್ತಾ ಕೂತಿರುವವರು ಕುಟ್ಟಾಣಿ ನಿಲ್ಲಿಸಿದರೆ ಮನೆಯೆಲ್ಲ ನಿಲ್ಲುತ್ತದೆ.

"ಉಡಚವ್ವಾ, ಆ ಗಿಡ ಯಾರ ಮನೇವು?"

"ಇವಳಪ್ಪನ ಮನೇವು."

"ಅವು ಇರೋ ಜಾಗ ಏನಾತು ಹಂಗಾದ್ರೆ?"

ಅತ್ತೆಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ತವರಾತು ಕಣವ್ವಾ! ಅಪ್ಪನ ಮನೆ ಗಿಡ ಇದ್ದಲ್ಲಿ ಇವಳ ತವರು. ಹೊಲದಾಗ ಗುಡ್ಲು ಐತೆ, ಜೊತಿಗೆ ನಾನು ಹೋಗ್ತೀನಿ. ನೀನು ಆ ಕಡೆ ಕಾಲಿಡಬ್ಯಾಡ. ಇವನೂ ಗೂಟದ ಸಾಲು ದಾಟಬಾರದು. ದಾಟಿದ್ರೆ ಕಾಲು ಮುರೀತೀನಿ. ಗಿಡಕ್ಕೂ ಕಾವಲಾತು, ಶಾಸ್ತ್ರಕ್ಕೂ ಕಾವಲಾತು."

ಮಾವನವರು ಮೀಸೆಯಡಿ ನಕ್ಕದ್ದನ್ನು ನಾನು ಕಂಡೆ. ನಾನು ಅಜ್ಜಿಯನ್ನು ತಬ್ಬಿಕೊಳ್ಳಲು ಹೋದೆ, "ದೂರ ನಿಂತ್ಕಾ, ಸುಣ್ಣ ಮೆತ್ಕಂತೈತೆ" ಎಂದರು.

ಜುಲೈ 4, ಭಾನುವಾರ

ನನ್ನ ಹೊಸ ತವರಿನಿಂದ ಬರೆಯುತ್ತಿದ್ದೇನೆ. ಜೋಳದ ದಂಟಿನ ಗೋಡೆ, ಬಾದೆಹುಲ್ಲಿನ ಮಾಡು, ಮೂರು ಕಲ್ಲಿನ ಒಲೆ. ಗುಡ್ಲಿನ ನಡುಗಂಬದ ಮೇಲೆ ಇದ್ದಿಲಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತೇನೆ. ಇವತ್ತಿಗೆ ಎರಡು. ಶ್ರಾವಣ ಎಷ್ಟು ದೂರ! ಕಂಬ ಸಾಕಾಗುತ್ತದೋ ಇಲ್ಲವೋ!

ಗೂಟದ ಸಾಲಿನ ಆಚೆ ಅವರು ನಿಲ್ಲುತ್ತಾರೆ, ಈಚೆ ನಾನು. ತಂತಿ ಇಲ್ಲದಿದ್ದರೇನು, ಮುಳ್ಳಿನ ಬೇಲಿಯೇ ಕಟ್ಟುವುದೆಂದು ತೀರ್ಮಾನವಾಗಿದೆ. ಕಾರೆಮುಳ್ಳು, ಜಾಲಿಮುಳ್ಳು ಗಾಡಿಗಟ್ಟಲೆ ಬಂದು ಬಿದ್ದಿದೆ. ಗಿಡಗಳನ್ನು ನೋಡಲು ನನಗೆ ಅಷ್ಟೇನೂ ಆಸೆಯಿಲ್ಲ, ಆಣೆಗೂ. ಅವರನ್ನು ಬೇಲಿಯಾಚೆ ನೋಡುವುದೇ ಒಂದು ಸುಖ.

ಜುಲೈ 8, ಗುರುವಾರ

ಮುಳ್ಳುಬೇಲಿ ಕಟ್ಟಲು ಇಬ್ಬರು ಬೇಕು! ಒಳಗೊಬ್ಬರು, ಹೊರಗೊಬ್ಬರು! ಇಷ್ಟು ಒಳ್ಳೆಯ ಪದ್ಧತಿಯನ್ನು ಕಂಡುಹಿಡಿದವರಿಗೆ ನನ್ನ ನಮಸ್ಕಾರ.

ಕವೆಗೋಲಿನಿಂದ ಮುಳ್ಳಿನ ಕೊಂಬೆಗಳನ್ನು ಗೂಟಗಳಿಗೆ ಒರಗಿಸಿ, ಎರಡೂ ಕಡೆ ಬಿದಿರಿನ ದಬ್ಬೆ ಕೊಟ್ಟು, ನಡುವೆ ಹಗ್ಗ ಹೊಲಿಯಬೇಕು. ಅವರು ಹೊರಗಿನಿಂದ ಕತ್ತಾಳೆ ಹಗ್ಗ ಪೋಣಿಸಿದ ದಬ್ಬಳವನ್ನು ಮುಳ್ಳಿನೊಳಗೆ ತೂರಿಸುತ್ತಾರೆ. ನಾನು ಒಳಗಿನಿಂದ ಎಳೆದುಕೊಂಡು, ದಬ್ಬೆ ಸುತ್ತಿಸಿ, ಮತ್ತೆ ಆಚೆಗೆ ತೂರಿಸುತ್ತೇನೆ. ಗೋಣಿಚೀಲ ಹೊಲಿದಂತೆಯೇ. ಆದರೆ ಈ ದಬ್ಬಳದ ತುದಿಗೆ ಒಮ್ಮೆ ಮಲ್ಲಿಗೆ ಸಿಕ್ಕಿಕೊಂಡು ಬರುತ್ತದೆ, ಒಮ್ಮೆ ಬೆಲ್ಲದ ಚೂರು. ನಾನು ಒಮ್ಮೆ ನನ್ನ ಬಳೆ ಕಟ್ಟಿ ಕಳಿಸಿದೆ. ಅವರು ಅದನ್ನು ವಾಪಸು ಕಳಿಸಲೇ ಇಲ್ಲ.

ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ಮಾರು ಬೇಲಿ ಆಗಿತ್ತು. ಅಜ್ಜಿ ಗುಡ್ಲಿನಿಂದ ಕೂಗಿದರು: "ಸಣ್ಮುಕಾ, ಈ ನಮೂನಿ ಹೊಲಿದ್ರೆ ಬೇಲಿ ಮುಗಿಯಾದ್ರಾಗೆ ನನ್ನ ತಿಥಿ ಮುಗೀತೈತೆ!"

"ಬಿಗಿಯಾಗಿ ಕಟ್ತಿದ್ದೀವಿ ಅಜ್ಜೀ!"

"ಹೂಂ ಕಣಪ್ಪ, ಕಾಣ್ತೈತೆ. ಬೇಲಿ ಸಡ್ಲ, ನೀವಿಬ್ರೇ ಬಿಗಿ."

ಕೈಯೆಲ್ಲ ಮುಳ್ಳು ಗೀರಿ ಉರಿಯುತ್ತಿದೆ. ಸಾಬೂನಿನಿಂದ ತೊಳೆದರೂ ಕೆಮ್ಮಣ್ಣು ಹೋಗುತ್ತಿಲ್ಲ. ಮಿಸ್ ನನ್ನ ಉಗುರು ನೋಡಿದ್ದರೆ ಅಂಗೈಗೆ ಸ್ಕೇಲಿನಲ್ಲಿ ಹೊಡೆಯುತ್ತಿದ್ದರು.

ಜುಲೈ 11, ಭಾನುವಾರ

ಅಜ್ಜಿಯ ಬೈಗುಳಕ್ಕೆ ಮಾವನವರು ಆಳುಗಳನ್ನೂ ಹಚ್ಚಿದ್ದರಿಂದ ನಿನ್ನೆ ಬೇಲಿ ಮುಗಿಯಿತು. ತಡಿಕೆಬಾಗಿಲು ಕಟ್ಟಿ, ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದೆವು.

ಇವತ್ತು ಬೆಳಗ್ಗೆ ಜಿಂಕೆ ಬಂತು. ಬೇಲಿಯ ಮುಂದೆ ನಿಂತಿತು. ಕಾಲು ಮಡಿಸಿದ್ದೂ ಕಾಣಲಿಲ್ಲ, ನೆಗೆದದ್ದೂ ಕಾಣಲಿಲ್ಲ, ಒಳಗಿತ್ತು. ಅದರ ಹಿಂದೆ ಇನ್ನೊಂದು. ಎದೆಯುದ್ದ ಬೇಲಿ ಅವಕ್ಕೆ ಹೊಸ್ತಿಲಿನಷ್ಟೂ ಆಗಲಿಲ್ಲ. ನಾನು "ಆಹಾ" ಎನ್ನಲಿಲ್ಲ. ಸೌದೆ ಎತ್ತಿಕೊಂಡು, ಸೆರಗು ಸಿಕ್ಕಿಸಿ, ನನಗೇ ಗೊತ್ತಿರದ ಬೈಗುಳಗಳನ್ನು ಕೂಗುತ್ತಾ ಓಡಿದೆ. ಅವು ನನಗೆ ಯಾವಾಗ ಬಂದವೋ. ಅಜ್ಜಿಯವೇ ಇರಬೇಕು.

ಮೂಲೆಯ ರಸಪುರಿಯನ್ನು ಕಸಿಯ ಗಂಟಿನಿಂದ ನಾಲ್ಕು ಬೆರಳು ಬಿಟ್ಟು ಕಡಿದು ಹಾಕಿವೆ. ಅಪ್ಪ ಹೇಳಿದ್ದರು: ಗಂಟಿನ ಕೆಳಗೆ ಚಿಗುರಿದರೆ ಅದು ಬರಿ ಕಾಡುಮಾವು, ಮೇಲೆ ಚಿಗುರಿದರೆ ಮಾತ್ರ ರಸಪುರಿ. ಈಗ ಮೇಲೂ ಇಲ್ಲ, ಕೆಳಗೂ ಇಲ್ಲ. ಒಂದು ಬೋಳು ಕಡ್ಡಿ. ಸಗಣಿ ಮೆತ್ತಿ ಬಂದೆ.

ಬೇಲಿ ಎತ್ತರಿಸೋಣವೆಂದರೆ ಅಷ್ಟುದ್ದದ ಗೂಟವೂ ಇಲ್ಲ, ಮುಳ್ಳೂ ಉಳಿದಿಲ್ಲ.

ಜುಲೈ 14, ಬುಧವಾರ

ಬೆದರುಗೊಂಬೆ ನಿಲ್ಲಿಸಿದೆವು. ಅವರ ಹರಕು ಕೋಟು, ನನ್ನ ಶಾಲೆಯ ಹುಲ್ಲಿನ ಟೋಪಿ.

ಟೋಪಿಯನ್ನು ತಿಂದುಬಿಟ್ಟವು. ರಿಬ್ಬನ್ ಮಾತ್ರ ಬಿಟ್ಟಿವೆ.

ಜುಲೈ 17, ಶನಿವಾರ

ಅಯ್ಯೋ, ಅಯ್ಯೋ, ಮಾನ ಹೋಯಿತು!

ಬೇಲಿಯ ಹಿಂಭಾಗದಲ್ಲಿ, ಗುಡ್ಲಿಗೆ ಕಾಣದ ಕಡೆ, ಒಂದು ಕಿಂಡಿ ಇತ್ತು. (ಇತ್ತು ಎಂದರೆ ಇಟ್ಟುಕೊಂಡಿದ್ದೆವು.) ಅಲ್ಲಿಂದ ಅವರ ಕೈ ಒಳಗೆ ಬರುತ್ತಿತ್ತು, ಮೊಣಕೈವರೆಗೆ. ನಾನು ಅದನ್ನು ಹಿಡಿದುಕೊಂಡು ಸುಮ್ಮನೆ ಕೂತಿರುತ್ತಿದ್ದೆ, ಅಷ್ಟೇ. ಇವತ್ತು ಸಂಜೆ ಹಾಗೇ ಕೂತಿದ್ದಾಗ ಬೆನ್ನ ಹಿಂದೆ ಅಜ್ಜಿ.

"ಏನ್ಲಾ ಸಣ್ಮುಕಾ, ಬೇಲಿ ಬಿಗಿ ಐತೋ ಇಲ್ಲೋ ನೋಡ್ತಿದ್ಯಾ?"

ಅವರು ಕೈ ಎಳೆದುಕೊಳ್ಳಲು ಹೋಗಿ ಮುಳ್ಳಿಗೆ ಸಿಕ್ಕಿಕೊಂಡರು. ಒಂದು ಗಳಿಗೆಯಲ್ಲಿ ಅತ್ತೆಗೆ ಸುದ್ದಿ ಹೋಯಿತು. ಅತ್ತೆ ಬಂದರು. ಒಳಗೆ ಬರುವಂತಿಲ್ಲ, ಆದ್ದರಿಂದ ಬೇಲಿಯಾಚೆಯಿಂದಲೇ ಶುರು ಮಾಡಿದರು:

"ನಾಕು ದಿನ ತಡೀರಿ ಅಂದ್ರೆ ತಡಿಯಾಕಾಗಲ್ವಾ ನಿಮಗೆ? ಶಾಸ್ತ್ರ ಇಲ್ದಿದ್ರೆ ಒಳಗೇ ಬಂದು ಇಬ್ರ ಕಿವೀನೂ ಹಿಂಡ್ತಿದ್ದೆ! ಅತ್ತೆಮ್ಮಾ, ಒಳಗೆ ಇನ್ನೊಂದು ಬೇಲಿ ಕಟ್ಟಿಸ್ರಿ. ಇವನ ತೋಳು, ಅವಳ ತೋಳು, ಎರಡೂ ಚಾಚಿದ್ರೂ ಎಟುಕಬಾರದು, ಅಷ್ಟು ಸಂದು ಬಿಡ್ರಿ."

"ಕಿಂಡಿ ಇರೋ ಕಡೆ ಮಾತ್ರ ಸಾಕಲ್ವಾ ಅವ್ವಾ?" ಎಂದರು ಅವರು, ಸಣ್ಣ ದನಿಯಲ್ಲಿ.

"ಸುತ್ತಾ ಕಟ್ರಿ! ಒಂದು ಕಡೆ ಕಟ್ಟಿದ್ರೆ ಇನ್ನೊಂದು ಕಡೆ ಸರೀತೀಯ. ನಿನ್ನ ಹೆತ್ತೋಳು ನಾನು!"

ಹಗ್ಗ ತಂದು ಅವರ ತೋಳು ಅಳೆದರು, ಆ ಹಗ್ಗವನ್ನೇ ಒಳಗೆ ಎಸೆದು ನನ್ನ ತೋಳೂ ಸೇರಿಸಿ ಅಳೆದರು, ಮೇಲೆ ಒಂದು ಗೇಣು ಹೆಚ್ಚಿಗೆ. ಗುಡ್ಡದಿಂದ ಬೋರೆಮುಳ್ಳು ಕಡಿದು ತರಬೇಕು, ಅದೂ ಹೆಚ್ಚು ಸಿಗದಿದ್ದರಿಂದ ಸೊಂಟದುದ್ದ ಸಾಕೆಂದು ತೀರ್ಮಾನ. ನಾಚಿಕೆಯಿಂದ ಸಾಯುತ್ತಿದ್ದರೂ ಒಂದು ಸಂಗತಿ ಗಮನಿಸಿದೆ: ಅತ್ತೆಯ ಹುಬ್ಬು ಮೇಲೇರಿತ್ತು, ಆದರೆ ತುಟಿ ನಗುತ್ತಿತ್ತು.

ಜುಲೈ 21, ಬುಧವಾರ

ಮೂರು ದಿನ ಬರೆಯಲಾಗಲಿಲ್ಲ. ಒಳಬೇಲಿ ಕಟ್ಟುತ್ತಿದ್ದೆ. ಈ ಬಾರಿ ಹೊರಗಿನಿಂದ ದಬ್ಬಳ ತೂರಿಸುವವರಿಲ್ಲ. ಅಜ್ಜಿ ಒಂದು ಕಡೆ, ನಾನೊಂದು ಕಡೆ. ಅಜ್ಜಿಯ ದಬ್ಬಳದಲ್ಲಿ ಮಲ್ಲಿಗೆ ಬರುವುದಿಲ್ಲ, ಬೈಗುಳ ಬರುತ್ತದೆ. ಆದರೆ ಕೆಲಸ ಓಡುತ್ತದೆ! ಬೋರೆಮುಳ್ಳನ್ನು ಬುಡ ಹೊರಗೆ, ತುದಿ ಒಳಗೆ ಹಾಕಿದರೆ ಕಟ್ಟಲು ಸುಲಭ. ಗಂಟನ್ನು ದಬ್ಬೆಯ ಕೆಳಗೆ ತಂದರೆ ಮಳೆಗೆ ಸಡಿಲವಾಗುವುದಿಲ್ಲ. ಇದನ್ನು ಮೊದಲೇ ಮಾಡಬೇಕಿತ್ತು; ಹೊರಬೇಲಿಯ ಗಂಟುಗಳೆಲ್ಲ ಅಸಡ್ಡಾಳ. ಅವನ್ನೂ ಒಂದೊಂದಾಗಿ ಬಿಗಿ ಮಾಡುತ್ತಾ ಬರುತ್ತಿದ್ದೇನೆ. ಕಿಂಡಿಯನ್ನೂ ಮುಚ್ಚಿದೆ. ಗಾಳಿ ಮಳೆಗೆ ಅಲ್ಲಿಂದಲೇ ಕಿತ್ತುಕೊಂಡು ಹೋಗುತ್ತಿತ್ತು.

ಜಿಂಕೆಗಳು ಬೆಳಗ್ಗೆ ಬಂದಿದ್ದವು. ಹೊರಬೇಲಿಯ ಹತ್ತಿರ ನಿಂತು, ಕತ್ತು ಎತ್ತಿ ನೋಡಿ, ಕಾಲು ಒದರಿ, ಅತ್ತಿತ್ತ ಓಡಾಡಿ ಹಿಂದಿರುಗಿದವು. ಯಾಕೋ ತಿಳಿಯದು. ನನ್ನ ಬಾಯಿಗೆ ಹೆದರಿರಬೇಕು.

ಜುಲೈ 25, ಭಾನುವಾರ

ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿದೆ. ಪೆನ್ಸಿಲ್ ಸರಿಯಾಗಿ ಹಿಡಿಯಲಾಗುತ್ತಿಲ್ಲ.

ಅಜ್ಜಿ ಮಧ್ಯಾಹ್ನ ಮಲಗಿದ್ದರು. ನಾನು ಸೀಬೆಯ ಪಾತಿ ಕೆದಕುತ್ತಿದ್ದೆ. ಬೇಲಿಯಾಚೆ ಧಬಧಬ ಸದ್ದು. ನೋಡಿದರೆ ಅವರು, ಕೈಯಲ್ಲಿ ಎಲೆಯ ಪೊಟ್ಟಣ, ಪಂಚೆ ಮೇಲಕ್ಕೆ ಕಟ್ಟಿ, ದೂರದಿಂದ ಓಡಿ ಬರುತ್ತಿದ್ದಾರೆ! "ರೀ, ಬೇಡ!" ಎನ್ನುವಷ್ಟರಲ್ಲಿ ಹೊರಬೇಲಿಯ ಮೇಲಿಂದ ಹಾರಿಯೇಬಿಟ್ಟರು. ಚೆನ್ನಾಗಿಯೇ ಹಾರಿದರು. ಆದರೆ ಇಳಿದದ್ದು ಎರಡು ಬೇಲಿಯ ನಡುವೆ. ಅಲ್ಲಿಂದ ಒಳಬೇಲಿ ಹಾರಲು ಓಡಿ ಬರಲು ಜಾಗವಿಲ್ಲ. ಹಿಂದಕ್ಕೆ ಹಾರಲೂ ಜಾಗವಿಲ್ಲ. ಪಂಚೆಯ ಹಿಂದಿನ ಚುಂಗು ಕಾರೆಮುಳ್ಳಿಗೆ, ಮುಂದಿನದು ಬೋರೆಮುಳ್ಳಿಗೆ. ಪೊಟ್ಟಣ ಬಿಚ್ಚಿ ಹಲಸಿನ ತೊಳೆಗಳೆಲ್ಲ ಕಾಲ ಬುಡದಲ್ಲಿ.

ಅಜ್ಜಿ ಎದ್ದು ಬಂದರು. ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದರು.

"ಬರ್ರಪ್ಪ ಅಳಿಯಂದಿರೇ. ಒಳಗೆ ಬರ್ತೀರೋ, ಹೊರಗೆ ಹೋಗ್ತೀರೋ?"

"ಎರಡೂ ಆಗ್ತಾ ಇಲ್ಲ ಅಜ್ಜೀ."

"ಅಲ್ಲೇ ಇರು ಹಂಗಾದ್ರೆ. ಶ್ರಾವಣಕ್ಕೆ ಬಿಡಿಸ್ತೀವಿ."

ನಾನು ನಗುತ್ತಾ ನಗುತ್ತಾ ಇದ್ದಕ್ಕಿದ್ದಂತೆ ನಿಂತೆ. "ರೀ! ಜಿಂಕೆಗೂ ಹೀಗೇ ಅಲ್ವಾ? ಹಾರಿದರೆ ಎಲ್ಲಿ ಇಳಿಯೋದು ಅಂತ ನೋಡುತ್ತವೆ. ಎರಡನ್ನೂ ಒಂದೇ ನೆಗೆತಕ್ಕೆ ದಾಟೋಕೆ ಆಗಲ್ಲ, ನಡುವೆ ಇಳಿದರೆ ಮೇಲೇಳೋಕೆ ಆಗಲ್ಲ. ಅದಕ್ಕೇ ನಿಂತು ನಿಂತು ವಾಪಸು ಹೋಗುತ್ತಿವೆ!"

ಅವರು ಮುಳ್ಳಿನ ನಡುವೆಯೇ ನಿಂತು ಒಳಬೇಲಿ ನೋಡಿದರು, ಹೊರಬೇಲಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಗಂಗಾ! ನನ್ನ ತಡಿಯಾಕೆ ಕಟ್ಟಿದ ಬೇಲಿ ಜಿಂಕೇನೂ ತಡೀತು ಕಣೇ!" ಎಂದು ಆ ಸ್ಥಿತಿಯಲ್ಲೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಲು ಪಂಚೆ ಬಿಟ್ಟರು.

"ಜಿಂಕೆಗೆ ಇರೋ ಬುದ್ಧಿ ನನ್ನ ಮೊಮ್ಮಗಂಗೆ ಇಲ್ವಲ್ಲಪ್ಪಾ" ಎನ್ನುತ್ತಾ ಅಜ್ಜಿ ಕವೆಗೋಲು ತಂದು ಮುಳ್ಳು ಎತ್ತಿ ಹಿಡಿದರು. ಅವರು ಅಡಿಯಿಂದ ತೆವಳಿ ಹೊರಗೆ ಹೋದರು. ಒಳಬೇಲಿ ದಾಟಿಲ್ಲವಾದ್ದರಿಂದ ಆಷಾಢ ಕೆಟ್ಟಿಲ್ಲ ಎಂದು ಅಜ್ಜಿಯ ತೀರ್ಪು.

ಅವರು ತೆವಳಿದ ಕಡೆ ಬೇಲಿ ಸಡಿಲವಾಗಿತ್ತು. ಬೆಳಕಿರುವಾಗಲೇ ಕಟ್ಟಿ ಮುಗಿಸಿದೆ.

ಜುಲೈ 30, ಶುಕ್ರವಾರ

ರಸಪುರಿ ಚಿಗುರಿದೆ! ಗಂಟಿನ ಮೇಲೆ! ಮೇಲೆ! ತಾಮ್ರದ ಬಣ್ಣದ ಎರಡು ಪುಟ್ಟ ಎಲೆ, ಹಸುಗೂಸಿನ ಕಿವಿಯಷ್ಟು ಮೆತ್ತಗೆ. ಸೀಬೆಯೂ ಒಡೆದಿದೆ. ಬಾದಾಮಿ ಒಂದು ಇನ್ನೂ ಮಂಕಾಗಿದೆ, ಬುಡಕ್ಕೆ ಹಸಿ ಸೊಪ್ಪು ಹಾಕಬೇಕು.

ಅತ್ತೆ ಈಗ ದಿನಾ ಬೇಲಿಯ ಹತ್ತಿರ ಬರುತ್ತಾರೆ. ರೊಟ್ಟಿಯ ಗಂಟನ್ನು ಕವೆಗೋಲಿನ ತುದಿಗೆ ಸಿಕ್ಕಿಸಿ ಎರಡು ಬೇಲಿ ದಾಟಿಸಿ ಚಾಚುತ್ತಾರೆ, ನಾನು ಬಿಡಿಸಿಕೊಳ್ಳುತ್ತೇನೆ. ಆಮೇಲೆ ಇಬ್ಬರೂ ನಿಂತು ಮಾತಾಡುತ್ತೇವೆ. ಚಿಗುರು ಬಂತೆಂದು ಕೂಗಿದಾಗ, "ಗಂಟಿನ ಮ್ಯಾಲೋ ಕೆಳಗೋ?" ಎಂದು ಮೊದಲು ಕೇಳಿದವರು ಅವರೇ. "ಮೇಲೆ ಅತ್ತೇ" ಎಂದೆ. "ಹಂಗಾದ್ರೆ ನಮ್ಮ ಗಿಡ ಗೆದ್ವು ಬಿಡು" ಎಂದರು. ಬಾವಿಕಟ್ಟೆಯಲ್ಲಿ ಎಲ್ಲರಿಗೂ ಹೇಳಬೇಕೆಂದು ಊಟದ ಹೊತ್ತಿನಲ್ಲೇ ಕೊಡ ತೆಗೆದುಕೊಂಡು ಹೋದರಂತೆ. ನೀರು ತುಂಬಿಯೇ ಇತ್ತಂತೆ ಮನೆಯಲ್ಲಿ.

ಆಗಸ್ಟ್ 5, ಗುರುವಾರ

ಬೆಳಗ್ಗೆ ಒಂದು ಗೂಟಕ್ಕೆ ಗೆದ್ದಲು ಹತ್ತಿದ್ದು ಕಂಡು ಹೊಸ ಗೂಟ ಹೂತು ಹಗ್ಗ ಹೊಲಿಯುತ್ತಿದ್ದೆ. ಗಾಡಿಯ ಸದ್ದಾಯಿತು. ತಲೆಯೆತ್ತಿದರೆ ಬೇಲಿಯಾಚೆ ಅವರು, ಒಗೆದ ಅಂಗಿ, ಎಣ್ಣೆ ಹಾಕಿ ಬಾಚಿದ ಕೂದಲು. ಅತ್ತೆ ಹೊಸ ಸೀರೆಯಲ್ಲಿ. ಮಾವನವರ ಹೆಗಲ ಮೇಲೊಂದು ಚೀಲ.

"ಎಲ್ಲಾ ಎಲ್ಲಿಗೆ ಹೊರಟಿದ್ದೀರಿ?" ಎಂದೆ.

"ನಿನ್ನ ಕರಕೊಂಡು ಹೋಗಾಕೆ" ಎಂದರು ಅವರು.

"ಯಾಕೆ?"

ಮೂವರೂ ನನ್ನನ್ನೇ ನೋಡಿದರು.

"ಶ್ರಾವಣ ಬಂತಲ್ಲೇ ಗಂಗಾ!"

"ಬಂದು ಮೂರು ದಿನ ಆತು" ಎಂದರು ಅತ್ತೆ. "ತಾನೇ ಓಡಿ ಬರ್ತಾಳೆ ಅಂತ ಬಾಗಿಲು ನೋಡ್ಕಂಡು ಕೂತಿದ್ವಿ. ನಿನ್ನ ಗಂಡ ಹೊಸ್ತಿಲು ಬಿಟ್ಟು ಎದ್ದಿಲ್ಲ."

"ತಡೀರಿ, ಇದೊಂದು ಗಂಟು ಬಾಕಿ ಇದೆ. ರೀ, ನೀವು ಹೇಗೂ ಆ ಕಡೆ ಇದ್ದೀರಿ, ದಬ್ಬಳ ತೂರಿಸಿ" ಎಂದೆ. ಅವರು ತೂರಿಸಿದರು. ಎಳೆದು, ಸುತ್ತಿಸಿ, ಬಿಗಿದು ಕಟ್ಟಿದೆ. ಕಟ್ಟಿದ ಮೇಲೆ ನೋಡುತ್ತೇನೆ, ಗಂಟಿನೊಳಗೆ ಒಂದು ಮಲ್ಲಿಗೆ ಅಪ್ಪಚ್ಚಿಯಾಗಿದೆ. ಬಿಚ್ಚಿದರೆ ಗಂಟು ಹಾಳು. ಹಾಗೇ ಬಿಟ್ಟೆ.

ತಡಿಕೆ ತೆಗೆದೆ. ಅತ್ತೆ ಮೊದಲ ಬಾರಿಗೆ ಒಳಗೆ ಬಂದರು, ಬಲಗಾಲಿಟ್ಟು, ಹೊಸ ಮನೆಗೆ ಬಂದಂತೆ. ನೇರವಾಗಿ ಮೂಲೆಯ ರಸಪುರಿಯ ಹತ್ತಿರ ಹೋಗಿ ಕೂತು, ಚಿಗುರನ್ನು ಬೆರಳ ಹಿಂಬದಿಯಿಂದ ಸವರಿದರು. ನಮ್ಮವರು ಗುಡ್ಲಿನೊಳಗೆ ಇಣುಕಿ, "ಇದೇನೇ, ಕಂಬದ ಮ್ಯಾಲೆ ಗೆರೆ ಅರ್ಧಕ್ಕೇ ನಿಂತೋಗೈತೆ? ಇದ್ದಿಲು ಖಾಲಿ ಆತಾ?" ಎಂದು ಕೇಳಿದರು. ನಾನೂ ನೋಡಿದೆ. ಹೌದು, ಅರ್ಧಕ್ಕೇ ನಿಂತಿವೆ. ಆ ದಿನಗಳಲ್ಲಿ ಕೆಲಸ ಇತ್ತಲ್ಲ.

ಮಾವನವರು ಮಾತ್ರ ಯಾರ ಜೊತೆಯೂ ಮಾತಾಡದೆ ಸಾಲು ಸಾಲು ಸುತ್ತಿದರು. ಒಂದೊಂದು ಗಿಡವನ್ನೂ ಹಿಡಿದು ಅಲ್ಲಾಡಿಸಿ ನೋಡಿದರು. ಕೊನೆಗೆ ಬಂದು ಹೆಗಲ ಚೀಲ ಇಳಿಸಿ ಬಾಯಿ ಬಿಚ್ಚಿದರು.

ಹುರುಳಿ!

"ಮಾವಾ, ಎಲ್ಲಾ ಚಿಗುರಿವೆ, ಬಾದಾಮಿ ಒಂದು ಸ್ವಲ್ಪ ತಡ, ಅದೂ..." ಎಂದೆ.

"ಶ್ರಾವಣಕ್ಕೆ ಈ ಹೊಲಕ್ಕೆ ಹುರುಳಿ ಚೆಲ್ತೀನಿ ಅಂದಿದ್ನೋ ಇಲ್ಲೋ?" ಎಂದರು. "ಅಂದ ಮ್ಯಾಲೆ ಚೆಲ್ಲಬೇಕು. ಊರೋರು ಏನಂದಾರು?"

ಚೀಲ ಹಿಡಿದು ನಡೆದೇಬಿಟ್ಟರು. ಸಾಲುಗಳನ್ನು ದಾಟಿ, ಒಳಬೇಲಿಯ ತಡಿಕೆಯನ್ನೂ ದಾಟಿ, ಎರಡು ಬೇಲಿಗಳ ನಡುವಿನ ಸಂದಿಗೆ ಇಳಿದು, ಅಲ್ಲಿ ಹಿಡಿ ಹಿಡಿಯಾಗಿ ಹುರುಳಿ ಚೆಲ್ಲುತ್ತಾ ಹೊರಟರು!

ಅಜ್ಜಿ ಕೂಗಿದರು: "ಜಿಂಕೆಗೆ ಬೀಗರೂಟ ಇಕ್ತೀಯೇನ್ಲಾ ಕಲ್ಲೇಶಾ?"

"ಕತ್ತು ಚಾಚಿ ಎಟುಕಿದಷ್ಟು ತಿನ್ಲಿ ಬಿಡವ್ವಾ. ಮಿಕ್ಕಿದ್ದು ನಮಗೆ. ಒಳಗೆ ಕಾಲಿಡಬಾರದು, ಅಷ್ಟೇ." ಒಂದು ಹೆಜ್ಜೆ ನಡೆದು ಮತ್ತೆ ಹೇಳಿದರು, ನನ್ನ ಕಡೆ ತಿರುಗದೆ: "ಬೇಲಿ ಚೆನ್ನಾಗಿ ಬಂದೈತೆ ಕಣವ್ವಾ."

ಹೊರಡುವಾಗ ಅಜ್ಜಿ ತಡೆದರು. "ನಿಲ್ಲೇ. ತವರಿಂದ ಹೆಣ್ಣುಮಗಳನ್ನ ಬರಿ ಮಡಿಲಾಗೆ ಕಳಸ್ತಾರಾ?" ಚೀಲದ ತಳದಲ್ಲಿ ಉಳಿದ ಹುರುಳಿಯನ್ನು ಬಾಚಿ, ಕುಂಕುಮ ಇಟ್ಟು, ನನ್ನ ಮಡಿಲಿಗೆ ಹಾಕಿದರು.

ನಾನು ಮಡಿಲು ಬಿಗಿದುಕೊಂಡು ಗಾಡಿ ಹತ್ತಿದೆ. ಗಾಡಿ ತಿರುಗುವಾಗ ರಸಪುರಿಯ ತಾಮ್ರದ ಎಲೆ ಬೇಲಿಯ ಸಂದಿನಲ್ಲಿ ಒಂದು ಸಲ ಮಿಂಚಿತು. ಅಷ್ಟೇ, ಅಳು ಒತ್ತರಿಸಿ ಬಂತು. ಬಿಕ್ಕಿ ಬಿಕ್ಕಿ ಅತ್ತೆ. ಅಮ್ಮ ನೋಡಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದರು. ಅತ್ತೆ ನನ್ನ ತಲೆಯನ್ನು ತಮ್ಮ ಹೆಗಲಿಗೆ ಎಳೆದುಕೊಂಡರು. ಹೊಸ ಸೀರೆಯೆಲ್ಲ ಒದ್ದೆ.

ಗಾಡಿ ಹೊಡೆಯುತ್ತಿದ್ದ ನಮ್ಮವರು ಗಾಬರಿಯಾಗಿ, ಹಗ್ಗ ಬಿಟ್ಟು ಹಿಂದಕ್ಕೆ ತಿರುಗಿದರು. "ಯಾಕೆ ಗಂಗಾ? ಮನೆಗೆ ಬರಾಕೆ ಇಷ್ಟ ಇಲ್ವಾ?"

"ಇಷ್ಟ ರೀ, ತುಂಬಾ ಇಷ್ಟ" ಎಂದೆ, ಮೂಗು ಒರೆಸಿಕೊಳ್ಳುತ್ತಾ. "ತಡಿಕೆ ಸರಿಯಾಗಿ ಹಾಕಿದ್ರಾ?"